ಹೊಸಬನ ಲ್ಯಾಪ್‌ಟಾಪಿನಲ್ಲಿ ಅಂಗಡಿ ತೆರೆದದ್ದು

"ನೋಡಪ್ಪಾ, ನಾವು ಇಂಟರ್ನೆಟ್ಟಲ್ಲಿ ಮಂಚ, ಕುರ್ಚಿ ಮಾರೋರು," ಎಂದರು ಮ್ಯಾನೇಜರು. "ನಮ್ಮ ವೆಬ್‌ಸೈಟು ಮೊದ್ಲು ನಿನ್ನ ಲ್ಯಾಪ್‌ಟಾಪಲ್ಲೇ ಓಡ್ಬೇಕು. ಏನೇ ರಿಪೇರಿ ಇದ್ರೂ ಅಲ್ಲಿ ಮಾಡಿ, ಸರಿಹೋದ್ಮೇಲೆ ಗಿರಾಕಿಗಳಿಗೆ ಬಿಡೋದು. ಸಂಜೆಯೊಳಗೆ ಓಡಿಸು. ಆಗ್ಲಿಲ್ಲ ಅಂದ್ರೆ ನಾಳೆ ಬರೋ ತೊಂದ್ರೆ ತಗೋಬೇಡ."

ಹೊಸಬ ಗೋಣು ಆಡಿಸಿದ. ಈ ಕೆಲಸವೂ ಹೋದರೆ ಮಾವನ ಮೊಳೆ-ಚಿಲಕದ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದೇ ಗತಿ ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಮಾವನೋ, ಅಳಿಯನನ್ನೂ ಮೊಳೆಯ ಹಾಗೇ ತಲೆಗೆ ಹೊಡೆದು ಕೂರಿಸುವ ಆಸಾಮಿ.

ಬೇಕಾದ ಸಾಫ್ಟ್‌ವೇರನ್ನೆಲ್ಲ ಒಂದೊಂದಾಗಿ ಇನ್‌ಸ್ಟಾಲ್ ಮಾಡಿ, ದೇವರ ಮೇಲೆ ಭಾರ ಹಾಕಿ ಗುಂಡಿ ಒತ್ತಿದ. ಪರದೆಯ ತುಂಬ ತಪ್ಪು ಸಾರುವ ಕೆಂಪು ಅಕ್ಷರಗಳು ಬಂದವು. ಅವನು ನಿಟ್ಟುಸಿರು ಬಿಟ್ಟದ್ದೇ ತಪ್ಪಾಯಿತು. ಪಕ್ಕದ ಮೇಜಿನ ಹಿರಿಯರು, ಅಂದರೆ ಆಫೀಸಿನವರೆಲ್ಲ 'ಪಂಡಿತರು' ಎಂದು ಕರೆಯುವವರು, ಕುರ್ಚಿಯ ಸಮೇತ ಉರುಳಿಕೊಂಡು ಬಂದರು.

"ವರ್ಷನ್ ತೀರಾ ಹೊಸದಾಯ್ತು ಕಣಯ್ಯಾ. ಕಿತ್ತು ಹಳೇದು ಹಾಕು. ನಂದು ನೋಡು, ನೀರು ಕುಡಿದಷ್ಟು ಸಲೀಸಾಗಿ ಓಡ್ತಾ ಇದೆ!"

ಅವರ ಪರದೆಯ ಮೇಲೆ ನೀಲಿ ಸೋಫಾ ಥಳಥಳ ಹೊಳೆಯುತ್ತಿತ್ತು. ಹೊಸಬ ಹೊಟ್ಟೆಕಿಚ್ಚಿನಿಂದಲೇ ಹಳೆಯದನ್ನು ಹಾಕಿದ. ಕೆಂಪು ಅಕ್ಷರಗಳು ಇನ್ನಷ್ಟು ಹೆಚ್ಚಿದವು.

"ಅಯ್ಯೋ, ಪಂಡಿತರ ಮಾತು ಕೇಳಿದ್ಯಾ?" ಎಂದು ಚಿತ್ರಗಳ ವಿಭಾಗದ ಅಕ್ಕ ಎದ್ದು ಬಂದಳು. "ಹಳೇದೂ ಇರ್ಲಿ, ಹೊಸದೂ ಇರ್ಲಿ. ಎರಡೂ ಹಾಕು, ಹೊಂದ್ಕೊಂಡು ಹೋಗ್ತವೆ."

ಅವು ಹೊಂದಿಕೊಳ್ಳಲಿಲ್ಲ. ಒಂದೇ ಒಲೆಯ ಮುಂದೆ ನಿಂತ ಓರಗಿತ್ತಿಯರಂತೆ ಕಿತ್ತಾಡಿದವು. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಆ ಸದ್ದಿಗೆ, ಊರ ಸುದ್ದಿಯನ್ನೆಲ್ಲ ಬಿತ್ತರಿಸುವ 'ರೇಡಿಯೋ' ಓಡಿಬಂದ.

"ತಲೆ ಕೆಡಿಸ್ಕೋಬೇಡ ಗುರೂ. ಅದು ಏನೇ ಕೇಳಿದ್ರೂ ಹೌದು, ಹೌದು ಅಂತ ಒತ್ತುತ್ತಾ ಹೋಗು."

ಹೊಸಬ ಒತ್ತುತ್ತಾ ಹೋದ. ಮೊದಲು ಪರದೆ ತಲೆಕೆಳಗಾಯಿತು. ಆಮೇಲೆ ಮೂಲೆಯ ಪ್ರಿಂಟರು ತಾನಾಗಿ ಎಚ್ಚೆತ್ತು ಆ ಕೆಂಪು ಅಕ್ಷರಗಳನ್ನೇ ಹಾಳೆ ಹಾಳೆಯಾಗಿ ಉಗುಳತೊಡಗಿತು. ಅದರ ಬಾಯಿ ಮುಚ್ಚಿಸಲು ಪಂಡಿತರು ಮೇಲೆ ಕೂತರು. ಅದು ಅವರ ಕೆಳಗಿನಿಂದಲೂ ಉಗುಳಿತು.

ಹೊಸಬ ಬೇರೆ ದಾರಿ ಕಾಣದೆ ಲ್ಯಾಪ್‌ಟಾಪನ್ನೇ ತಲೆಕೆಳಗು ಮಾಡಿ, ಗುಡಾರದಂತೆ ನಿಲ್ಲಿಸಿದ. ಪರದೆಯೇನೋ ನೆಟ್ಟಗಾಯಿತು. ಕೀಲಿಗಳು ಮಾತ್ರ ಸೂರಿಗೆ ಹೋಗಿ ಕೂತವು. ಹಾಲು ಕರೆಯುವವನಂತೆ ಕೆಳಗಿನಿಂದ ಕೈಹಾಕಿ ಟೈಪ್ ಮಾಡುತ್ತ ಅವನು ಮಧ್ಯಾಹ್ನ ಕಳೆದ.

ಸಂಜೆ ಎಲ್ಲರೂ ಚಹಾಕ್ಕೆ ಹೋದರು. ಮ್ಯಾನೇಜರ ಕೋಣೆಯ ಬಾಗಿಲು ಕಿರ್ ಎಂದಿತು. ಹೊಸಬ ಸುತ್ತ ನೋಡಿದ. ಪಂಡಿತರ ಪರದೆಯ ಸೋಫಾ ಕಣ್ಣಿಗೆ ಬಿದ್ದದ್ದೇ ತಡ, ಮೊಬೈಲಿನಲ್ಲಿ ಅದರ ಫೋಟೋ ಹೊಡೆದ, ತನ್ನ ಲ್ಯಾಪ್‌ಟಾಪಿಗೆ ಕಳಿಸಿ ಪರದೆ ತುಂಬ ಹರಡಿದ.

"ಓಡ್ತಾ?" ಎಂದರು ಮ್ಯಾನೇಜರು.

"ಓಡ್ತಾ ಇದೆ ಸಾರ್."

"ತಲೆಕೆಳಗೆ ಯಾಕಿಟ್ಟಿದೀಯಾ?"

"ಬಿಸಿ ಮೇಲಕ್ಕೆ ಹೋಗ್ಲಿ ಅಂತ ಸಾರ್."

ಮ್ಯಾನೇಜರು ಒಪ್ಪಿ, ಸೋಫಾದ ಪಕ್ಕದ 'ಖರೀದಿಸಿ' ಗುಂಡಿಯ ಕಡೆಗೆ ಬೆರಳು ಚಾಚಿದರು.

"ಬೇಡಿ ಸಾರ್! ಈಗಷ್ಟೇ ಕಣ್ಣು ಬಿಟ್ಟಿದೆ!"

ತೊಟ್ಟಿಲ ಮಗುವನ್ನು ಮುಟ್ಟಲು ಹೋದವರಂತೆ ಅವರು ಬೆರಳು ಹಿಂದೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಕುರ್ಚಿ ಎಳೆದುಕೊಂಡು ಕೂತು ಪಿಸುಗುಟ್ಟಿದರು.

"ನಿನ್ನ ಹತ್ರ ಮುಚ್ಚಿಡೋದೇನು? ಈ ಆಫೀಸಲ್ಲಿ ಇವತ್ತಿನವರೆಗೆ ಇದು ಯಾರ ಲ್ಯಾಪ್‌ಟಾಪಲ್ಲೂ ಓಡಿಲ್ಲ."

"ಪಂಡಿತರದು...?"

"ಅದು ಫೋಟೋ ಕಣಯ್ಯಾ! ಅಕ್ಕಂದು ಆ ಫೋಟೋದ ಫೋಟೋ. ರೇಡಿಯೋದು ಅಕ್ಕನ ಫೋಟೋದ ಫೋಟೋ. ನಾನೇನು ಕುರುಡನಾ? ನಿಜವಾಗಿ ಓಡಿಸೋ ಒಬ್ಬ ಗಂಡಸು ಸಿಗ್ಲಿ ಅಂತ ಬಾಯಿ ಮುಚ್ಕೊಂಡು ಕಾಯ್ತಿದ್ದೆ. ಕೊನೆಗೂ ಸಿಕ್ಕಿದ." ಅವರು ಹೊಸಬನ ಬೆನ್ನು ತಟ್ಟಿದರು. "ನಾಳೆ ಸಂಜೆಯೊಳಗೆ ಎಲ್ಲರದ್ದೂ ನೀನೇ ಓಡಿಸ್ಕೊಡು. ಆಗ್ಲಿಲ್ಲ ಅಂದ್ರೆ ಏನು ಅಂತ ಗೊತ್ತಲ್ಲ?"

ಚಹಾ ಮುಗಿಸಿ ಬಂದು ಬಾಗಿಲ ಹೊರಗೆ ನಿಂತಿದ್ದ ರೇಡಿಯೋ ತನ್ನ ಕೆಲಸ ಮಾಡಿ ಮುಗಿಸಿದ್ದ. ಮ್ಯಾನೇಜರು ಆಚೆ ಹೋಗುವುದರೊಳಗೆ ಎಲ್ಲರೂ ಲ್ಯಾಪ್‌ಟಾಪು ಕಂಕುಳಲ್ಲಿಟ್ಟುಕೊಂಡು ಹೊಸಬನ ಮೇಜಿನ ಮುಂದೆ ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಪಂಡಿತರು, ಮದುವೆಯಲ್ಲಿ ಹೆಣ್ಣಿನ ಕಡೆಯವರಷ್ಟು ವಿನಯವಾಗಿ ನಿಂತಿದ್ದರು.

"ತಪ್ಪು ತಿಳ್ಕೋಬೇಡಪ್ಪಾ. ಇಷ್ಟು ವರ್ಷ ನಮಗ್ಯಾರಿಗೂ ಆಗದ್ದು, ನೀನು ಹೇಗೆ ಓಡಿಸಿದೆ?"

ಹೊಸಬ ಎದ್ದು ನಿಂತು ಕೈಮುಗಿದ.

"ಎಲ್ಲಾ ನಿಮ್ಮಿಂದಲೇ ಸಾರ್."