ಇವತ್ತಿನ ಗುಪ್ತಪದ

ಹವಾಲ್ದಾರರು ಸೈನ್ಯದಿಂದ ನಿವೃತ್ತರಾದ ದಿನವೇ ಅವರ ಹೆಂಡತಿ ಸೈನ್ಯಕ್ಕೆ ಭರ್ತಿಯಾದರು. ಅಂದಿನಿಂದ ಹಜಾರ ಠಾಣೆಯಾಯಿತು, ಹಿತ್ತಿಲು ಗಡಿಯಾಯಿತು. ಹವಾಲ್ದಾರರು ಯುದ್ಧ ಕಂಡಿದ್ದು ಕಂಬಳಿ ದಾಸ್ತಾನಿನ ಕಿಟಕಿಯಿಂದಲೇ ಆದರೂ ಅವರ ಆಜ್ಞೆ ಮಾತ್ರ ಸಮರಾಂಗಣದ್ದು.

"ಬಾಗಿಲು ತಟ್ಟಿದವರು ಯಾರೇ ಆಗಲಿ, ಆ ದಿನದ ಗುಪ್ತಪದ ಹೇಳದೆ ಒಳಗೆ ಬಿಡಕೂಡದು. ನಾನಾದರೂ ಅಷ್ಟೇ!"

(ಮನೆಯಲ್ಲಿ ಕದಿಯುವಂಥದ್ದು ಒಂದು ಹಳೆಯ ಮಿಕ್ಸಿ. ಅದೂ ಚಾಲೂ ಮಾಡಿದರೆ ಬೀದಿಯನ್ನೆಲ್ಲ ಎಬ್ಬಿಸುವಂಥದ್ದು.)

ಗುಪ್ತಪದಕ್ಕೆ ಅವರು ಆರಿಸುತ್ತಿದ್ದದ್ದು 'ಫಿರಂಗಿ', 'ಕಂದಕ'ದಂಥವನ್ನು. ಒಮ್ಮೆ ಆಕೆ ಹಟ ಹಿಡಿದು 'ಸೌಟು' ಎಂದಿಟ್ಟರು. ಬೀದಿಯಲ್ಲಿ ನಿಂತು ಗಂಡ "ಸೌಟು, ಸೌಟು" ಎಂದು ಪಿಸುಗುಟ್ಟಿದ್ದನ್ನು ನೆನೆದು ತಿಂಗಳುಗಟ್ಟಲೆ ನಕ್ಕರು.

ಆಮೇಲೆ ಆಕೆಗೆ ಮರೆವು ಶುರುವಾಯಿತು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಮಗಳು ಫೋನು ಮಾಡಿದಳು.

"ಅಪ್ಪಾ, ಅಮ್ಮ ನನ್ನನ್ನ ಚಿಕ್ಕಮ್ಮನ ಹೆಸರಲ್ಲಿ ಕರೀತಿದಾಳೆ. ಡಾಕ್ಟರಿಗೆ ತೋರಿಸು."

"ತೋರಿಸೋಣ. ಮೊದಲು ಕಬ್ಬಿಣದ ಬಾಗಿಲು ಕೂರಲಿ. ದೇಶ ನಡೆಯೋದೂ ಹೀಗೇ ಕಣಮ್ಮ. ಮೊದಲು ಗಡಿ, ಆಮೇಲೆ ಆಸ್ಪತ್ರೆ."

"ಗಡಿ ಒಳಗೆ ಇರೋರು ಯಾರಪ್ಪ?"

ಹವಾಲ್ದಾರರು ಫೋನಿಟ್ಟರು.

ಬಾಗಿಲು ಬಂದು ಕೂತಿತು. ಚಿಲಕ ಮಾತ್ರ ತೆಳುವೆನಿಸಿತು. ದಪ್ಪನೆಯದನ್ನು ಕೊಂಡು ಪೇಟೆಯಿಂದ ಮರಳಿ, ಬಾಗಿಲು ತಟ್ಟಿದರು. ಬಾಗಿಲಲ್ಲಿದ್ದ ಪುಟ್ಟ ಕಿಂಡಿ ತೆರೆಯಿತು. ಹೆಂಡತಿ ಅವರ ಮುಖವನ್ನು ನಿಧಾನವಾಗಿ ನೋಡಿದರು.

"ಯಾರು ಬೇಕಿತ್ತು?"

"ತಮಾಷೆ ಸಾಕು, ತೆಗಿಯೇ."

"ಗುಪ್ತಪದ?"

"ಕೋಟೆ."

"ಅಲ್ಲ."

"ಬೆಳಿಗ್ಗೆ ನಾನೇ ಹೇಳಿದ್ನಲ್ಲೇ! ಸರಿ, ಫಿರಂಗಿ. ಕಂದಕ."

ಆಕೆ ಅಡ್ಡಡ್ಡ ತಲೆಯಾಡಿಸಿದರು. ಹವಾಲ್ದಾರರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಸೌಟು" ಎಂದರು.

ಆಕೆಯ ಮುಖವರಳಿತು. ಮರುಕ್ಷಣವೇ ಅನುಮಾನ.

"ಅದು ನಮ್ಮಿಬ್ಬರ ಮಾತು. ನಿಮಗ್ಯಾರು ಹೇಳಿದ್ರು?"

ಹವಾಲ್ದಾರರು ಮದುವೆಯಾದಾಗಿನಿಂದ ಮೊದಲ ಬಾರಿಗೆ ಹೆಂಡತಿಗೆ ಬಹುವಚನ ಹಚ್ಚಿದರು.

"ಸ್ವಲ್ಪ ಬಾಗಿಲು ತೆಗೀರಮ್ಮಾ."

"ಆಗಲ್ಲಪ್ಪ, ತಪ್ಪು ತಿಳೀಬೇಡಿ. ನಮ್ಮ ಯಜಮಾನರು ಒಳ್ಳೆಯವರೇ, ಬಾಗಿಲ ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಪೇಟೆಗೆ ಹೋಗಿದಾರೆ. ಅವರು ಬರೋ ತನಕ ಬೇಕಾದ್ರೆ ಅಲ್ಲೇ ಕೂತಿರಿ."

ಕಿಂಡಿ ಮುಚ್ಚಿತು. ಶಿಸ್ತಿನಲ್ಲಿ ಕೂದಲೆಳೆಯಷ್ಟೂ ಲೋಪವಿರಲಿಲ್ಲ. ಹೊಸ ಚಿಲಕವನ್ನು ತೊಡೆಯ ಮೇಲಿಟ್ಟುಕೊಂಡು ಹವಾಲ್ದಾರರು ಮೆಟ್ಟಿಲ ಮೇಲೆ ಕೂತರು, ಯಜಮಾನರ ದಾರಿ ಕಾಯುತ್ತ.