ಗೌರಕ್ಕನ ರೊಟ್ಟಿಯ ನಕ್ಷೆ

ಫಕೀರಪ್ಪನ ಸಂಸಾರ ಕೆಟ್ಟದ್ದು ಒಂದು ಕೈವಾರದಿಂದ. ಅರಳೆ ಹಿಂಜುವ ಯಂತ್ರ ತಯಾರಿಸುವ ಹುಬ್ಬಳ್ಳಿಯ ಕಾರ್ಖಾನೆಯಲ್ಲಿ ಅವನು ನಕ್ಷೆ ಬರೆಯುವವ, ಬಿಳಿ ಸಾಹೇಬನಿಂದಲೇ ಭೇಷ್ ಅನಿಸಿಕೊಂಡವ. ಅಳೆಯುವ ಚಟ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮೂರು ತಿಂಗಳ ಹಿಂದೆ ಊಟಕ್ಕೆ ಕೂತವನು ಜೋಳದ ರೊಟ್ಟಿಯ ಮೇಲೆ ಕೈವಾರ ಇಟ್ಟು, "ಗೌರಾ, ಈ ಕಡೆ ಕಾಲು ಇಂಚು ಹೆಚ್ಚಾಗೇತಿ ನೋಡು" ಅಂದ. ನಂಬಲಿಕ್ಕಿಲ್ಲವೆಂದು ನಕ್ಷೆ ನಕಲು ಮಾಡುವ ತೆಳುಬಟ್ಟೆಯನ್ನು ರೊಟ್ಟಿಯ ಮೇಲೆ ಹಾಸಿ ಅಂಚು ಗೀಚಿಯೂ ತೋರಿಸಿದ. ಹೆಂಡತಿ ಗೌರಕ್ಕ ಸಂಜೆಯ ಚಕ್ಕಡಿ ಹತ್ತಿ ಬೈರಿದೇವರಕೊಪ್ಪದ ತವರಿಗೆ ಹೋದಳು.

ಅವಳು ಹೋದ ಮೇಲೆ ಬುದ್ಧಿ ಬಂತು, ಬಂದು ಏನು ಉಪಯೋಗ? ಎರಡು ಸಲ ಕರೆಯಲು ಹೋದ. ಮಾವ ಚಹಾ ಕುಡಿಸಿ ಕಳಿಸಿದರು, ಅವಳು ಹೊರಗೇ ಬರಲಿಲ್ಲ. ಉಣ್ಣಲು ಕೂತಾಗೆಲ್ಲ ಫಕೀರಪ್ಪ ಆ ಬಟ್ಟೆಯನ್ನು ತಾಟಿನ ಪಕ್ಕ ಬಿಚ್ಚಿಡುತ್ತಿದ್ದ. ಸೊಟ್ಟ ಗೆರೆಯ ಮೇಲೆ ಬೆರಳಾಡಿಸಿದರೆ ಅವಳ ಅಂಗೈ ಮುಟ್ಟಿದಂತಾಗುತ್ತಿತ್ತು.

ಕಡೆಗೆ ತನಗೆ ಬರುವ ಒಂದೇ ವಿದ್ಯೆಗೆ ಕೈ ಹಾಕಿದ. ಅವಳ ಕೈ ನೋಯದಂತೆ ರೊಟ್ಟಿ ಒತ್ತುವ ಯಂತ್ರ, ಅದರ ಅಚ್ಚು ಮಾತ್ರ ಅವಳದೇ ಗೆರೆಯಂತೆ. ನಕ್ಷೆ ಬರೆದ, ಕಟ್ಟಿಗೆಯಲ್ಲಿ ಮಾದರಿ ಮಾಡಿದ, ಎರಕ ಹೊಯ್ಯಿಸಿದ. ಗುಂಡಗೆ ಮಾಡಿದರೆ ಸಲೀಸು ಎಂದು ಎರಕದವ ಬಡಕೊಂಡರೂ ಕೇಳಲಿಲ್ಲ. ಗುಂಡಗಾದರೆ ಅದು ಅವಳದಾಗುವುದಿಲ್ಲವಲ್ಲ.

ಐತವಾರ ಮುಂಜಾನೆ ಕೇಶ್ವಾಪುರದ ಮನೆಗೆ ಯಂತ್ರ ಬಂತು, ಹಿಂದೆಯೇ ಓಣಿಗೆ ಓಣಿಯೇ ಬಂತು. ಮೊದಲ ರೊಟ್ಟಿ ಹರಿದು ಚೂರಾಯಿತು. ಕುದಿನೀರು ಹಾಕಿ ನಾದಬೇಕೆಂದಳು ಪಕ್ಕದ ಮನೆಯ ಮುರಿಗೆವ್ವ. ನಾದಿದರೆ ಅಚ್ಚಿಗೇ ಅಂಟಿತು. ಭಾರ ಸಾಲದೆಂದು ಎದುರುಮನೆಯ ಶಾಂತಯ್ಯನವರು ಹಿಡಿಕೆಯ ಮೇಲೇ ಕೂತುಬಿಟ್ಟರು. ಹಿಟ್ಟು ಚಿಮ್ಮಿ ಅವರ ವಿಭೂತಿಗೆ ನಾಲ್ಕನೆಯ ಪಟ್ಟೆ ಎಳೆಯಿತು. ಒಣಹಿಟ್ಟು ಉದುರಿಸಿ ಒತ್ತಿದಾಗ, ಮಧ್ಯಾಹ್ನದ ಹೊತ್ತಿಗೆ, ಅಂತೂ ಒಂದು ಇಡಿಯಾಗಿ ಹಂಚು ಏರಿತು. ಫಕೀರಪ್ಪ ಬೆಂದ ರೊಟ್ಟಿಯ ಮೇಲೆ ಬಟ್ಟೆ ಹಾಸಿದ. ಗೆರೆಗೆ ಗೆರೆ ಕೂತಿತು. ಅವನ ಕಣ್ಣು ತುಂಬಿ ಬಂದವು.

"ಇದನ್ನ ಎಲ್ಲೋ ನೋಡೇನಲ್ಲೋ ತಮ್ಮಾ" ಅಂದಳು ಮುರಿಗೆವ್ವ.

"ನಮ್ಮ ಗೌರಾಂದರಿ ಅಕ್ಕಾ. ನೀವು ನೋಡದ ಇರ್ತೀರೇನು?"

ರೊಟ್ಟಿಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬೈರಿದೇವರಕೊಪ್ಪಕ್ಕೆ ಹೊರಟ. ರಾಜಿ ಮಾಡಿಸಲು ದೊಡ್ಡವರೊಬ್ಬರು ಬೇಕೆಂದು ಮುರಿಗೆವ್ವ ತಾನೇ ಜೊತೆಗೆ ಬಂದಳು. ಅವಳ ದನಿ ಕೇಳಿ ಗೌರಕ್ಕ ಈ ಸಲ ಹೊರಗೆ ಬಂದಳು. ಫಕೀರಪ್ಪ ಯಂತ್ರದ ಕತೆಯನ್ನೆಲ್ಲ ಹೇಳಿ ಗಂಟು ಬಿಚ್ಚಿದ.

"ತಪ್ಪಾತು ಗೌರಾ. ಇನ್ನಮ್ಯಾಲೆ ನಮ್ಮನ್ಯಾಗ ಇದ ಅಳತಿ. ನೀ ಇಲ್ದ ಮನಿ ಮನಿ ಅನಸವಲ್ದು."

ಗೌರಕ್ಕನ ಮುಖ ಸಡಿಲಾಯಿತು. ರೊಟ್ಟಿ ತಗೊಂಡು ಅತ್ತಿತ್ತ ತಿರುವಿ ನೋಡಿದಳು, ಆಮೇಲೆ ಮುರಿಗೆವ್ವನನ್ನು ನೋಡಿದಳು.

"ಇದು ಈ ಅಕ್ಕನ ಕೈ ಅಳತಿ" ಅಂದಳು. "ಅವತ್ತ ಕುದಿನೀರು ಬಿದ್ದು ನನ್ನ ಕೈ ಸುಟ್ಟಿತ್ತು, ಅಕ್ಕನೇ ರೊಟ್ಟಿ ಬಡದು ಕೊಟ್ಟಿದ್ರು. ಅಂಗೈಗೆ ಅರಿವಿ ಸುತಗೊಂಡು ನಿಮ್ಮ ಮುಂದ ತಾಟ ಇಟ್ಟೆ. ನಿಮಗ ರೊಟ್ಟಿದು ಕಾಲು ಇಂಚು ಕಾಣಿಸ್ತು, ಅಷ್ಟ."

ರೊಟ್ಟಿಯನ್ನು ಅವನ ಕೈಯಲ್ಲಿಟ್ಟು ಒಳಗೆ ಹೋದಳು.

ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ಮುರಿಗೆವ್ವನಿಗೆ ತಡೆಯಲಾಗಲಿಲ್ಲ. "ಹಂಗಾರ ತಮ್ಮಾ, ಆ ಯಂತ್ರ ನಮ್ಮನ್ಯಾಗ ಇರಲೇಳು. ಅಳತಿ ನಂದ ಐತೆಲ್ಲ."

ಈಗ ದಿನಾ ಗೋಡೆಯಾಚೆ ಯಂತ್ರ ಟಕ್ ಅನ್ನುತ್ತದೆ. ಮುರಿಗೆವ್ವ ಕರುಳುಳ್ಳವಳು, ಎರಡು ರೊಟ್ಟಿ ಮುಚ್ಚಿ ತಂದು ಕೊಡುತ್ತಾಳೆ. ಫಕೀರಪ್ಪ ಅಳೆಯುವುದಿಲ್ಲ. ತಾಟು ಮುಂದಿಟ್ಟುಕೊಂಡು, ಗೌರಾಳ ರೊಟ್ಟಿ ನಿಜಕ್ಕೂ ಹೇಗಿತ್ತು, ಗುಂಡಗಿತ್ತೋ ಸೊಟ್ಟಗಿತ್ತೋ ಎಂದು ನೆನೆಯಲು ನೋಡುತ್ತಾನೆ. ನೆನಪಾಗುವುದಿಲ್ಲ.