ಬಿಸಿಲು ಕಾಣುವ ಕಣ್ಣಿಗೆ ವಿಭೂತಿ

ಬಸಣ್ಣ ಶೆಟ್ಟರ ಕಾರು ಬಿಸಿಲನ್ನು ತಾನೇ ನೋಡಿ ತಾನೇ ತಂಪಾಗುವಂಥದ್ದು. ಹತ್ತಿ ವ್ಯಾಪಾರ ಕೈಹಿಡಿದ ವರ್ಷ, ಎರಡು ಸಾವಿರದ ಆರರಲ್ಲಿ, ಅದನ್ನು ಮನೆಗೆ ತಂದ ದಿನವೇ ಡ್ರೈವರ್ ಬೀರಲಿಂಗನಿಗೆ ಅಪ್ಪಣೆಯಾಗಿತ್ತು.

"ಎಸಿ ಗುಂಡಿಗೆ ಕೈ ಹಚ್ಚಬ್ಯಾಡ. ಅದಕ್ಕ ಎಲ್ಲಾ ತಿಳೀತೈತಿ. ನಿನಗ ಏನೂ ತಿಳಿಯೂದಿಲ್ಲ."

ಮುಂದಿನ ಮೇ ತಿಂಗಳ ಹೊತ್ತಿಗೆ ಎಲ್ಲ ತಿಳಿದ ಕಾರು ಸುಡುಬಿಸಿಲಲ್ಲೂ ತಂಪಾಗದೆ, ಏನೂ ತಿಳಿಯದವರಂತೆ ಕೂತಿತು. ಒಂದು ದಿನ ಬೆಳಿಗ್ಗೆ ಮಾರ್ಕೆಟ್ಟಿನಿಂದ ದೇಶಪಾಂಡೆ ನಗರದ ಮನೆ ಮುಟ್ಟುವಷ್ಟರಲ್ಲಿ ಶೆಟ್ಟರ ಗರಿಗರಿ ಅಂಗಿ ಬೆನ್ನಿಗೆ ಅಂಟಿತ್ತು.

"ಮಧ್ಯಾಹ್ನ ಧಾರವಾಡದಿಂದ ಬೀಗರನ್ನ ಕರಕೊಂಡು ಬರೂದೈತಿ. ಗಾಡಿ ಥಣ್ಣಗ ಇರಲಿಲ್ಲಂದ್ರ ಚಾವಿ ಟೇಬಲ್ ಮ್ಯಾಲ ಇಟ್ಟು ನಡಿ."

ಕಂಪೌಂಡಿನಾಚೆ ನೆರೆಮನೆಯ ವಿನೋದನ ತಲೆ ಮೂಡಿತು. ಕರೆಯದಿದ್ದರೂ ಬರುವ ತಲೆ ಅದು.

"ಕಾಕಾ, ಇಂವಾ ಮಧ್ಯಾಹ್ನ ಎಸಿ ಹಚ್ಚಿ ಒಳಗ ಮಲಗ್ತಾನ್ರಿ. ಇದ್ದ ಥಂಡಿ ಎಲ್ಲಾ ಖಾಲಿ ಮಾಡ್ಯಾನ."

ಥಂಡಿಯೆಂದರೆ ಡಬ್ಬಿಯಲ್ಲಿಟ್ಟ ಚುರುಮುರಿ ಇದ್ದಂತೆ! ಬೀರಲಿಂಗ ಮಲಗುತ್ತಿದ್ದುದು ಬೇವಿನ ಗಿಡದ ಕೆಳಗೆ, ಮುಖದ ಮೇಲೆ ಪೇಪರು ಹಾಕಿಕೊಂಡು. ಆದರೆ ಶೆಟ್ಟರು ತಲೆಯಾಡಿಸಿಬಿಟ್ಟಿದ್ದರು. ಗೋಪನಕೊಪ್ಪದಲ್ಲಿ ಅವನ ಸಂಸಾರವಿದ್ದ ಕೋಣೆಯೂ ಶೆಟ್ಟರದೇ. ನೌಕರಿ ಹೋದರೆ ಹೆಂಡತಿ ಲಕ್ಷ್ಮೀ ಪಾತ್ರೆಪಗಡ ಹೊತ್ತು ಬೀದಿಗೆ ಬರಬೇಕು.

ಅವನು ಗಾಡಿಯನ್ನು ಬೆಂಗೇರಿಯ ಮಕಬೂಲಸಾಬನ ಗ್ಯಾರೇಜಿಗೆ ಓಡಿಸಿದ. ಸಾಬ ಗ್ಯಾಸು ನೋಡಿದ, ಫ್ಯಾನು ನೋಡಿದ, ದೊಡ್ಡ ಬಲ್ಬು ಹಚ್ಚಿ ಮುಂದಿನ ಗಾಜಿಗೆ ಹಿಡಿದ. ಕೊನೆಗೆ ನಕ್ಕ.

"ಎಲ್ಲಾ ಛಲೋ ಐತ್ರಿ. ನಿಮ್ಮ ಗಾಡಿಗೆ ರಾತ್ರಿ ಆಗೈತಿ, ಅಷ್ಟ."

"ಸುಡುಸುಡು ಬಿಸಿಲಾಗ ಎಂಥಾ ರಾತ್ರಿ ಸಾಬರ?"

"ಗಾಜಿನ ಬುಡಕ್ಕ ಈ ಕರಿ ಗುಂಡು ಐತಿ ನೋಡ್ರಿ, ಇದು ಬಿಸಿಲು ನೋಡೂ ಕಣ್ಣು. ಸೆನ್ಸರ್ ಅಂತಾರ. ಬಿಸಿಲು ಕಂಡ್ರ ಥಂಡಿ ಜೋರು ಮಾಡ್ತೈತಿ, ಕಾಣಲಿಲ್ಲಂದ್ರ ಸುಮ್ಮ ಕುಂದರತೈತಿ. ಇದಕ್ಕ ಯಾರು ಹಿಂಗ ಬೂದಿ ಮೆತ್ಯಾರ?"

"ಬೂದಿ ಅನಬ್ಯಾಡ್ರಿ, ವಿಭೂತಿ! ಅವ್ವಾರು ದಿನಾ ಪೂಜಿ ಮಾಡ್ತಾರ."

ಅವ್ವಾರು ಎಂದರೆ ಶೆಟ್ಟರ ತಾಯಿ ಶಿವಬಸವ್ವ. ದಿನವೂ ಮಠಕ್ಕೆ ಹೊರಟಾಗ ಮುಂದಿನ ಸೀಟಿನಲ್ಲಿ ಕೂತು ಆ ಕರಿ ಗುಂಡಿಗೆ ವಿಭೂತಿ ಹಚ್ಚುವರು. ಬೀರಲಿಂಗ ಗಾಡಿ ಒರೆಸುವಾಗ ಅದೊಂದನ್ನು ಬಿಟ್ಟು, ಲಿಂಗವೆಂದು ಅದಕ್ಕೆ ಕೈಮುಗಿದು ಮುಂದೆ ಹೋಗುವನು.

ಮಕಬೂಲಸಾಬ ಬಿಸಿ ಹಂಚು ಮುಟ್ಟಿದವನಂತೆ ಕೈ ಹಿಂದಕ್ಕೆಳೆದ. "ಹಂಗಾದ್ರ ನಾ ಒಲ್ಲೆಪಾ. ನಿಮ್ಮ ದೇವರು, ನೀವ ಒರಸ್ರಿ. ನಾ ಒರಸಿದ್ರ ಊರಾಗ ಸುದ್ದಿ ಬ್ಯಾರೇನ ಆಗತೈತಿ."

ಬೀರಲಿಂಗ "ಶಿವಾ, ತಪ್ಪಾತು" ಎನ್ನುತ್ತ ಟಾವೆಲಿನಿಂದ ಒರೆಸಿದ. ಗಾಡಿ ಬಿಸಿಲಿಗೆ ಬಂದದ್ದೇ ತಡ, ತಣ್ಣನೆಯ ಗಾಳಿ ಮುಖಕ್ಕೆ ರಪ್ಪನೆ ಬಡಿಯಿತು. ಅವನಿಗೆ ಅಳುವೇ ಬಂತು.

ಮಧ್ಯಾಹ್ನ ಧಾರವಾಡದ ದಾರಿಯಲ್ಲಿ ಹಿಂದೆ ಕೂತ ಶೆಟ್ಟರು "ಭೇಷ್ ಬೀರ್ಯಾ!" ಎಂದರು. ಅವನ ನೌಕರಿಯಲ್ಲೇ ಅದು ಮೊದಲ ಭೇಷ್. ಬೀಗರನ್ನು ಕರೆಯಲು ಹೊರಟ ಶಿವಬಸವ್ವನೂ ಮುಂದೆ ಕೂತಿದ್ದರು. ಒರೆಸಿದ ಗುಂಡನ್ನೇ ನೋಡುತ್ತಿದ್ದರು. ಶೆಟ್ಟರು ಬೀಗರ ಮನೆಯೊಳಗೆ ಹೋದರು. ಮೊಣಕಾಲು ನೋವೆಂದು ಮುದುಕಿ ಗಾಡಿಯಲ್ಲೇ ಉಳಿದರು.

"ಯಾಂವಲೇ ಇದನ್ನ ಒರಸಿದಾಂವ?"

ಬೀರಲಿಂಗ ಕೈಜೋಡಿಸಿದ. "ತಪ್ಪಾತ್ರಿ ಅವ್ವಾರ. ಲಿಂಗದ ಮ್ಯಾಲಿನ ವಿಭೂತಿ ಒರಸಬಾರದಿತ್ತರಿ..."

"ಯಾವ ಲಿಂಗೋ ಹುಚ್ಚಪ್ಯಾಲಿ? ನನ್ನ ಲಿಂಗ ನನ್ನ ಕೊಳ್ಳಾಗ ಐತಿ. ಇದು ಪ್ಲಾಸ್ಟಿಕ್ ಗುಂಡು ಅಂತ ನನಗ ತಿಳಿಯೂದಿಲ್ಲೇನು? ಒಂದಿನ ವಿಭೂತಿ ಉಂಡಿ ಇದರ ಮ್ಯಾಲ ಇಟ್ಟಿದ್ದೆ, ಥಂಡಿ ಕಮ್ಮಿ ಆತು. ಅವತ್ತಿಂದ ನನ್ನ ಮೊಣಕಾಲು ಆರಾಮ ಅದಾವು."

ಬೀರಲಿಂಗ ಜೋಡಿಸಿದ ಕೈ ಕೆಳಗಿಳಿಸಿದ. "ಮತ್ತ ಸಾಹುಕಾರ್ರಿಗೆ ಹೇಳಬಾರದೇನ್ರಿ?"

"ಹೇಳಿದ್ರ, ಅವ್ವಾ ನೀ ಮನ್ಯಾಗ ಇರು ಅಂತಾನ. ಮಠಕ್ಕ ನಡಕೋತ ಹೋಗ್ಲೇನು?" ಮುದುಕಿ ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಗುಂಡಿಗೆ ದಪ್ಪಗೆ ಬಳಿದರು. "ನೀ ಬಾಯಿ ಮುಚ್ಚಿಕೊಂಡಿರು. ನಿನ್ನ ನೌಕರಿಗೆ ನಾ ಅದೇನಿ."

ಮನೆಯಲ್ಲಿ ಶೆಟ್ಟರು ಕೂಡ ಎದುರಾಡದ ಮಾತೆಂದರೆ ಅವ್ವನದು. ಬೀರಲಿಂಗ ನಂಬಿದ. ಬಡವನಿಗೆ ನಂಬುವುದಕ್ಕೇನು, ಬಿಟ್ಟಿ ಕೆಲಸ.

ಬೀಗರು ಬಂದು ಕೂತರು. ನವಲೂರು ದಾಟುವಷ್ಟರಲ್ಲಿ ಬೀಗಿತ್ತಿ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಬೀಗರು ಕೆಮ್ಮಿ, "ನಮ್ಮ ಅಂಬಾಸಡರ್ ಛಲೋ ಇತ್ತು ಬಿಡ್ರಿ. ಕಿಡಕಿ ತಗದ್ರ ಗಾಳಿ ಬರತಿತ್ತು" ಎಂದರು. ಶೆಟ್ಟರ ಮುಖ ಕನ್ನಡಿಯಲ್ಲಿ ಕೆಂಪಗೆ ಕಂಡಿತು.

"ಬೀರ್ಯಾ! ಹೋಗೂವಾಗ ಛಲೋ ಇತ್ತಲ್ಲೋ? ಏನ್ ಮಾಡಿದಿ ಈಗ?"

ಬೀರಲಿಂಗ ಪಕ್ಕಕ್ಕೆ ನೋಡಿದ. ಶಿವಬಸವ್ವ ಕಣ್ಣು ಮುಚ್ಚಿದ್ದರು. ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟರು.

"ಡ್ರೈವರ್ ಬದಲಿ ಮಾಡೋ ಬಸಣ್ಣ. ಇಂವಗ ಈ ಗಾಡಿ ತಿಳಿಯೂದಿಲ್ಲ."

ಸಂಜೆ ಬೀರಲಿಂಗ ಚಾವಿಯನ್ನು ಟೇಬಲ್ ಮೇಲೆ ಇಟ್ಟ. ನಿಜ ಹೇಳಬಹುದಿತ್ತು. ಆದರೆ ಮಠಕ್ಕೆ ಹೋಗುವ ತಾಯಿ ಸುಳ್ಳಾಡಿದಳೆಂದು ಡ್ರೈವರ್ ಹೇಳಿದರೆ ಯಾವ ಮಗ ನಂಬುತ್ತಾನೆ? ಬಾಗಿಲಲ್ಲಿ ನಿಂತಿದ್ದ ಶಿವಬಸವ್ವ ಅವನನ್ನು ಹತ್ತಿರ ಕರೆದರು. ಸಂಚಿಗೆ ಬೆರಳು ಹಾಕಿ ಅವನ ಹಣೆಗೂ ದಪ್ಪಗೆ ವಿಭೂತಿ ಎಳೆದರು.

"ಶಿವ ನಿನಗ ಛಲೋ ಮಾಡ್ಲಿ, ಹೋಗಿ ಬಾ" ಎಂದರು.